ಒಂದು ಮನೆ, ನಾಲ್ಕು ಬರಹ: ಸಾಮಾಜಿಕ ಜಾಲತಾಣದ ಬರವಣಿಗೆ ಎಲ್ಲಿ ಬೇರೆಯಾಗುತ್ತದೆ

2016ರ ಏಪ್ರಿಲ್‌ನಲ್ಲಿ ಮಲೆನಾಡಿನ ನಮ್ಮ ಹಳೆಯ ಮನೆಯನ್ನು ಕೆಡವಿದೆವು. ಆ ಒಂದು ದಿನದ ಬಗ್ಗೆ ನಾನು ನಾಲ್ಕು ಬಾರಿ ಬರೆದಿದ್ದೇನೆ. ಅಂದು ರಾತ್ರಿ ದಿನಚರಿಯಲ್ಲಿ ಬರೆದದ್ದು ಇಷ್ಟು: “ಮನೆ ಇಳಿಸಿ ಆಯಿತು. ಆಳು ಒಂಬತ್ತು. ಮುಂಡಿಗೆ ನಾಲ್ಕೂ ಗಟ್ಟಿ. ಜಂತಿ ಅರ್ಧಕ್ಕರ್ಧ ಗೆದ್ದಲು.” ಮರುದಿನ ಬೆಳಿಗ್ಗೆ, ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದ ಮುಂಡಿಗೆಗಳ, ಅಂದರೆ ಮನೆಯ ಮರದ ಕಂಬಗಳ, ಫೋಟೊ ಹಾಕಿ ಫೇಸ್‌ಬುಕ್‌ನಲ್ಲಿ ಹನ್ನೆರಡು ಸಾಲು ಬರೆದೆ. ವಾರ ಕಳೆದ ಮೇಲೆ ಪುಣೆಯಲ್ಲಿರುವ ಅತ್ತೆಗೆ ನಾಲ್ಕು ಪುಟದ ಕಾಗದ ಬರೆದೆ. ಆಗ ಅವರ ಬಳಿ ಸ್ಮಾರ್ಟ್‌ಫೋನ್ ಇರಲಿಲ್ಲ. ಮೂರು ವರ್ಷಗಳ ನಂತರ ಒಂದು ದೀಪಾವಳಿ ವಿಶೇಷಾಂಕಕ್ಕಾಗಿ ಅದೇ ದಿನವನ್ನು ಪ್ರಬಂಧವಾಗಿ ಬರೆದೆ. ಬರೆದವನು ಒಬ್ಬನೇ, ಬಿದ್ದ ಮನೆಯೂ ಒಂದೇ. ಆದರೆ ಪ್ರಬಂಧ ಬರೆಯಲು ಕುಳಿತಾಗ ಉಳಿದ ಮೂರನ್ನೂ ಮುಂದಿಟ್ಟುಕೊಂಡು, ಅವುಗಳಿಂದ ಒಂದೊಂದು ವಾಕ್ಯವನ್ನಾದರೂ ಎತ್ತಿ ಬಳಸಬಹುದೇ ಎಂದು ನೋಡಿದೆ. ಒಂದನ್ನೂ ಹಾಗೆಯೇ ತರಲಾಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಜಾಲತಾಣದ ಬರವಣಿಗೆ ಬೇರೆ ಎನ್ನುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತಾರೆ: ಅದು ಚಿಕ್ಕದು, ಆಡುಮಾತಿನದು, ಎಚ್ಚರವಿಲ್ಲದೆ ಬರೆದದ್ದು. ಮೂರೂ ನಿಲ್ಲುವುದಿಲ್ಲ. ಫೇಸ್‌ಬುಕ್ ಒಂದು ಪೋಸ್ಟಿಗೆ 63,206 ಅಕ್ಷರಗಳ ಮಿತಿ ಇಟ್ಟಿದೆ, ಅಂದರೆ ಒಂದು ನೀಳ್ಗತೆಯೇ ಅದರಲ್ಲಿ ಹಿಡಿಯುತ್ತದೆ. ನಮ್ಮ ಹಿರಿಯರು ಬರೆಯುತ್ತಿದ್ದ ಪೋಸ್ಟ್‌ಕಾರ್ಡು ಅದಕ್ಕಿಂತ ಎಷ್ಟೋ ಚಿಕ್ಕದು. ಆಡುಮಾತು ನಾಟಕದಲ್ಲೂ ಕಾದಂಬರಿಯ ಸಂಭಾಷಣೆಯಲ್ಲೂ ಬಹಳ ಹಿಂದಿನಿಂದ ಇದೆ. ಎಚ್ಚರದ ಮಾತಿಗೆ ಬಂದರೆ, ತಮ್ಮ ತಾಯಿಯ ಸಾವಿನ ಬಗ್ಗೆ ಎಂಟು ಸಾಲು ಬರೆಯಲು ಒಂದು ಇಡೀ ಸಂಜೆ ಕುಳಿತವರನ್ನು ನಾನು ಬಲ್ಲೆ. ವ್ಯತ್ಯಾಸವಿರುವುದು ಉದ್ದದಲ್ಲಿ ಅಲ್ಲ, ಶೈಲಿಯಲ್ಲೂ ಅಲ್ಲ. ಬರೆಯುವಾಗ ಎದುರಿಗೆ ಯಾರು ಕುಳಿತಿದ್ದಾರೆ ಎಂಬುದರಲ್ಲಿದೆ. ಉಳಿದದ್ದೆಲ್ಲ ಅದರಿಂದ ಹುಟ್ಟುತ್ತದೆ.

ದಿನಚರಿಯ ಓದುಗ ಬರೆದವನೇ. ಆದ್ದರಿಂದಲೇ ಅಲ್ಲಿ ಲೆಕ್ಕ ಇದೆ, ವಿವರಣೆ ಇಲ್ಲ. ಕಾಗದದ ಓದುಗ ಒಬ್ಬರೇ, ಅವರ ಮುಖ ಕಣ್ಣಮುಂದೆ ಇರುತ್ತದೆ. ಅತ್ತೆಗೆ ಬರೆಯುವಾಗ “ನೀವು ಹೂ ಕಟ್ಟುತ್ತಾ ಒರಗುತ್ತಿದ್ದ ಮೂಡುಬದಿಯ ಮುಂಡಿಗೆಯನ್ನು ಕೊನೆಗೆ ತೆಗೆಸಿದೆ” ಎಂದಷ್ಟೇ ಬರೆದಿದ್ದೆ. ಆ ಜಾಗ ಹೇಗಿತ್ತು ಎಂದು ಹೇಳುವ ಅಗತ್ಯ ಬೀಳಲಿಲ್ಲ, ಏಕೆಂದರೆ ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಅಚ್ಚಿನ ಬರಹದ ಓದುಗನಿಗೆ ಮುಖವೇ ಇಲ್ಲ. ಅವನು ಬಳ್ಳಾರಿಯಲ್ಲಿರಬಹುದು, ಹತ್ತು ವರ್ಷದ ನಂತರ ಹಳೆಯ ಸಂಚಿಕೆ ತಿರುವುತ್ತಿರಬಹುದು. ನಮ್ಮ ಮನೆಯ ಜಗಲಿಯನ್ನು ಅವನ ಕಣ್ಣಿಗೆ ಮೊದಲಿನಿಂದ ಕಟ್ಟಿಕೊಡಬೇಕು, ಕೆಡಹುವುದು ಆಮೇಲಿನ ಮಾತು.

ಫೇಸ್‌ಬುಕ್‌ನ ಓದುಗ ಈ ಮೂವರಲ್ಲಿ ಯಾರೂ ಅಲ್ಲ. ಅಲ್ಲಿರುವವರು ಬಹುಪಾಲು ಪರಿಚಿತರೇ, ಆದರೆ ಒಬ್ಬೊಬ್ಬರೂ ಬದುಕಿನ ಒಂದೊಂದು ಮೂಲೆಯಿಂದ ಬಂದವರು. ನಾನು ಬರೆದದ್ದು ಹೀಗೆ ಶುರುವಾಗುತ್ತಿತ್ತು: “ನಿನ್ನೆ ಮನೆ ಇಳಿಸಿದೆವು. ಈ ಹಲಸಿನ ಮುಂಡಿಗೆಗೆ ಬೆನ್ನು ಕೊಟ್ಟು ಕೂತೇ ಅಜ್ಜ ಕವಳ ಹಾಕುತ್ತಿದ್ದದ್ದು. ನೋಡಿ, ಆ ಜಾಗ ಇನ್ನೂ ನುಣುಪಾಗಿದೆ.” ಒಂದು ಗಂಟೆಯೊಳಗೆ ಕೆಳಗೆ ಬಂದ ಮಾತುಗಳು ಇವು. ಶಾಲೆಯ ಗೆಳೆಯ: “ಇದೇ ಜಗಲಿಯಲ್ಲಿ ಅಲ್ವೇನೋ ನಾವು ಚೆನ್ನೆಮಣೆ ಆಡಿದ್ದು?” ಬೆಂಗಳೂರಿನ ಸಹೋದ್ಯೋಗಿ: “ಮುಂಡಿಗೆ ಅಂದ್ರೆ ಏನ್ ಸಾರ್, ಕನಕದಾಸರ ಮುಂಡಿಗೆಗೂ ಇದಕ್ಕೂ ಸಂಬಂಧ ಇದೆಯಾ?” ಇನ್ನೊಬ್ಬರು: “ಹೊಸ ಮನೆಗೆ ಶುಭಾಶಯಗಳು.” ದೊಡ್ಡಪ್ಪನ ಮಗ: “ಇಳಿಸುವ ಮೊದಲು ಒಂದು ಮಾತು ಹೇಳಬಹುದಿತ್ತು.” ಪರಿಚಯವೇ ಇಲ್ಲದ ಒಬ್ಬರು: “ಮುಂಡಿಗೆ ಕೊಡುವುದಿದ್ದರೆ ಇನ್‌ಬಾಕ್ಸ್ ಮಾಡಿ.” ತಂಗಿ: “ಅದು ಹಲಸಲ್ಲ ಅಣ್ಣಾ, ಹೊನ್ನೆ. ಅಪ್ಪ ಹೇಳ್ತಿದ್ರು.”

ಒಂದೇ ಹನ್ನೆರಡು ಸಾಲು ಒಬ್ಬರಿಗೆ ಬಾಲ್ಯದ ನೆನಪಾಯಿತು, ಒಬ್ಬರಿಗೆ ಶಬ್ದಾರ್ಥದ ಪ್ರಶ್ನೆಯಾಯಿತು, ಒಬ್ಬರಿಗೆ ಶುಭ ಸಮಾಚಾರ, ಮತ್ತೊಬ್ಬರಿಗೆ ಹಕ್ಕಿನ ತಕರಾರು, ಇನ್ನೊಬ್ಬರಿಗೆ ಮರದ ವ್ಯಾಪಾರ. ಎಲ್ಲ ಓದೂ ಅವರವರ ಮಟ್ಟಿಗೆ ಸರಿಯಾದದ್ದೇ. ದೊಡ್ಡಪ್ಪನ ಮಗನ ಮಾತು ನನ್ನನ್ನು ನಿಜವಾಗಿ ಚುಚ್ಚಿತು, ಏಕೆಂದರೆ ಅವನಿಗೆ ಫೋನ್ ಮಾಡಿ ಹೇಳಬೇಕಾದ ಸುದ್ದಿಯನ್ನು ನಾನು ಊರಿಗೆಲ್ಲ ಹೇಳಿದ್ದೆ, ಅವನು ಅದನ್ನು ಊರಿನವರ ಜೊತೆ ನಿಂತು ಕೇಳಬೇಕಾಯಿತು.

ಇದಕ್ಕೆ ವಿದ್ವಾಂಸರು ಒಂದು ಹೆಸರು ಕೊಟ್ಟಿದ್ದಾರೆ. ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಅಮೆರಿಕದ ಸಂಶೋಧಕರು ಟ್ವಿಟರ್ ಬಳಸುವವರನ್ನು ಅಧ್ಯಯನ ಮಾಡುವಾಗ ಬಳಸಿದ ಆ ಪರಿಭಾಷೆಯನ್ನು ಕನ್ನಡದಲ್ಲಿ ‘ಸಂದರ್ಭಗಳ ಕುಸಿತ’ ಎನ್ನಬಹುದು. ಮದುವೆ ಮನೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಅಡುಗೆಯವರ ಹತ್ತಿರ ಆಡುವ ಮಾತು ಬೇರೆ, ಬೀಗರೊಂದಿಗೆ ಬೇರೆ, ಹಿತ್ತಿಲಲ್ಲಿ ಗೆಳೆಯರ ಜೊತೆ ಬೇರೆ, ಪುರೋಹಿತರ ಮುಂದೆ ಬೇರೆ. ನಾವು ಮೂಲೆಯಿಂದ ಮೂಲೆಗೆ ಹೋಗುವಾಗ ಮಾತನ್ನೂ ಬದಲಿಸಿಕೊಂಡೇ ಹೋಗುತ್ತೇವೆ. ಇದು ಕಪಟವಲ್ಲ, ಮರ್ಯಾದೆ. ಆ ಚಪ್ಪರದ ಎಲ್ಲ ಮೂಲೆಗಳಿಗೂ ಏಕಕಾಲಕ್ಕೆ ಕೇಳುವ ಮೈಕು ಒಂದನ್ನು ಕೈಗೆ ಕೊಟ್ಟು ಮಾತಾಡಿ ಎಂದರೆ ಯಾವ ಮಾತು ಆಡುವುದು? ಪೋಸ್ಟ್ ಬರೆಯುವವನ ಸ್ಥಿತಿ ಅದು. ಹಾಗಾಗಿ ಅನೇಕರು ಯಾರಿಗೂ ನೋಯದ, ಯಾರಿಗೂ ನಾಟದ ಮಾತಿಗೆ ಇಳಿಯುತ್ತಾರೆ. ಇನ್ನು ಕೆಲವರು ಎರಡು ಪದರದಲ್ಲಿ ಬರೆಯುತ್ತಾರೆ: ಮೇಲೆ ಎಲ್ಲರಿಗೂ ಕಾಣುವ ಮಾತು, ಒಳಗೆ ಒಬ್ಬಿಬ್ಬರಿಗೆ ಮಾತ್ರ ತಗಲುವ ಸೂಚನೆ. “ಕೆಲವರಿಗೆ ಈಗ ಅರ್ಥವಾಗಿರಬಹುದು” ಎಂದು ಮುಗಿಯುವ ಪೋಸ್ಟುಗಳನ್ನು ಎಲ್ಲರೂ ಕಂಡಿದ್ದೇವೆ. ಕಾಗದದಲ್ಲಾಗಲಿ ಪ್ರಬಂಧದಲ್ಲಾಗಲಿ ಇಂಥ ವಾಕ್ಯಕ್ಕೆ ಜಾಗವೇ ಇಲ್ಲ.

ಕನ್ನಡದಲ್ಲಿ ಈ ತೊಡಕು ಇನ್ನೂ ಒಂದು ಸುತ್ತು ಹೆಚ್ಚು, ಏಕೆಂದರೆ ನಮ್ಮಲ್ಲಿ ಎದುರಿನವರು ಯಾರೆಂದು ತಿಳಿಯದೆ ಕ್ರಿಯಾಪದವನ್ನೇ ಮುಗಿಸಲಾಗದು. ‘ನೋಡು’ ಎನ್ನಬೇಕೋ ‘ನೋಡಿ’ ಎನ್ನಬೇಕೋ? ಹಳೆಯ ಕಾಗದಗಳು ಇದನ್ನು ಮೊದಲ ಸಾಲಿನಲ್ಲೇ ತೀರ್ಮಾನಿಸುತ್ತಿದ್ದವು. ತಂದೆಗೆ ‘ತೀರ್ಥರೂಪು’ ಎಂದು ಆರಂಭಿಸಿ, ಸಾಷ್ಟಾಂಗ ನಮಸ್ಕಾರ ತಿಳಿಸಿ, ‘ಉಭಯ ಕುಶಲೋಪರಿ ಸಾಂಪ್ರತ’ ಎಂದ ಮೇಲೆಯೇ ವಿಷಯಕ್ಕೆ ಬರುವುದು. ಚಿಕ್ಕವರಿಗಾದರೆ ‘ಚಿರಂಜೀವಿ’ ಎಂದು ಆಶೀರ್ವಾದ. ಸಂಬೋಧನೆಯೇ ಇಡೀ ಕಾಗದದ ದನಿಯನ್ನು ಶ್ರುತಿ ಹಿಡಿದ ಹಾಗೆ ಕೂರಿಸುತ್ತಿತ್ತು. ಪೋಸ್ಟಿಗೆ ಸಂಬೋಧನೆ ಇಲ್ಲ. ಅಜ್ಜನ ವಯಸ್ಸಿನ ನಿವೃತ್ತ ಮೇಷ್ಟ್ರೂ ಪಕ್ಕದ ಮನೆಯ ಕಾಲೇಜು ಹುಡುಗನೂ ಅದನ್ನು ಒಟ್ಟಿಗೆ ಓದುತ್ತಾರೆ. ಹೀಗಾಗಿ ಜಾಲತಾಣದ ಕನ್ನಡ ಮೆಲ್ಲಗೆ ತನ್ನದೇ ದಾರಿಗಳನ್ನು ಮಾಡಿಕೊಂಡಿದೆ: ‘ಗೆಳೆಯರೇ’ ಎಂಬ ಎಲ್ಲರಿಗೂ ಸಲ್ಲುವ ಕರೆ, ಎದುರಿನವರನ್ನು ಬಿಟ್ಟು ತನ್ನ ಬಗ್ಗೆಯೇ ಆಡುವ ಸ್ವಗತದಂಥ ವಾಕ್ಯ, ಅಥವಾ ‘ನೋಡ್ರಪ್ಪಾ’ ಎಂಬಂಥ, ಗೌರವವನ್ನೂ ಸಲಿಗೆಯನ್ನೂ ಒಂದೇ ಪದದಲ್ಲಿ ಕಟ್ಟಿಡುವ ಮಾತು. ಅಚ್ಚಿನ ಕನ್ನಡದಲ್ಲಿ ಇದಕ್ಕೆ ಅವಕಾಶ ಕಡಿಮೆ. ಅಂಕಣಕಾರನ ‘ನೀವು’ ಔಪಚಾರಿಕ. ಅದಕ್ಕೆ ಮುಖವೂ ಇಲ್ಲ, ಹಾಗಾಗಿ ಅಳುಕೂ ಇಲ್ಲ.

ಇದರ ಒಂದು ಒಳ್ಳೆಯ ಫಲವನ್ನು ನಾನು ಮೆಚ್ಚಿ ಹೇಳಲೇಬೇಕು. ಪತ್ರಿಕೆಯ ಮೇಜಿನ ಮೇಲೆ ಪ್ರಾದೇಶಿಕ ಪದಗಳು ಸಾಮಾನ್ಯವಾಗಿ ತಿದ್ದಿಸಿಕೊಳ್ಳುತ್ತಿದ್ದವು. ಎಲ್ಲ ಜಿಲ್ಲೆಯವರಿಗೂ ತಿಳಿಯಬೇಕೆಂಬುದು ಅದಕ್ಕೆ ಕಾರಣ, ತಪ್ಪೆನ್ನಲಾಗದು. ಆದರೆ ತನ್ನವರಿಗೆಂದು ಬರೆಯುವವನಿಗೆ ಆ ಕಟ್ಟುಪಾಡಿಲ್ಲ. ಧಾರವಾಡದವರು ಧಾರವಾಡದ ಮಾತಿನಲ್ಲೇ, ಕುಂದಾಪುರದವರು ಕುಂದಗನ್ನಡದಲ್ಲೇ, ಹವ್ಯಕರು ಮನೆಮಾತಿನಲ್ಲೇ, ಸುಳ್ಯದ ಕಡೆಯವರು ಅರೆಭಾಷೆಯಲ್ಲೇ ಪುಟಗಟ್ಟಲೆ ಬರೆಯುತ್ತಿದ್ದಾರೆ. ಕೇಳಲು ಮಾತ್ರ ಸಿಗುತ್ತಿದ್ದ ಎಷ್ಟೋ ಪದಗಳಿಗೆ ಕಾಗುಣಿತ ಮೊದಲ ಬಾರಿಗೆ ಅಲ್ಲಿ ದೊರಕುತ್ತಿದೆ.

ಓದುಗ ಯಾರು ಎಂಬುದು ಒಂದು ಮುಖವಾದರೆ, ಅವನು ಸುಮ್ಮನಿರುವುದಿಲ್ಲ ಎಂಬುದು ಇನ್ನೊಂದು. ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಡಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ಮಕ್ಕಳು ನಿದ್ದೆ ಹೋದರು ಎಂದು ಅಜ್ಜಿ ದೀಪ ಸಣ್ಣ ಮಾಡುತ್ತಿದ್ದಳು. ಬರವಣಿಗೆ ಬಂದಾಗ ಈ ಹೂಂಗುಡುವವನು ಮಾಯವಾದ. ಬರೆಯುವವನು ಒಂಟಿಯಾಗಿ ಕುಳಿತು, ಇಲ್ಲದ ಕೇಳುಗನನ್ನು ಕಲ್ಪಿಸಿಕೊಂಡು ಬರೆಯುವುದನ್ನು ಕಲಿತ. ಜಾಲತಾಣ ಹೂಂಗುಡುವವನನ್ನು ಮರಳಿ ಕರೆತಂದಿತು. 2009ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ತಂದ ಲೈಕ್ ಗುಂಡಿ ಮೂಲದಲ್ಲಿ ಒಂದು ಹೂಂ. 2016ರಲ್ಲಿ ಅದಕ್ಕೆ ಪ್ರೀತಿ, ನಗು, ಬೆರಗು, ದುಃಖ, ಸಿಟ್ಟು ಎಂಬ ಬೇರೆ ಬೇರೆ ದನಿಗಳು ಸೇರಿದವು.

ಆದರೆ ಅಜ್ಜಿಯ ಹೂಂಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಇಲ್ಲಿ ಎಣಿಕೆ ಬರಹದ ಕೆಳಗೇ ಅಂಟಿಕೊಂಡಿರುತ್ತದೆ, ಎಲ್ಲರಿಗೂ ಕಾಣುತ್ತದೆ, ಮತ್ತು ಯಾರ ಕಣ್ಣಿಗೆ ಯಾವ ಪೋಸ್ಟ್ ಬೀಳಬೇಕೆಂದು ಆರಿಸುವ ಯಂತ್ರವೂ ಅದನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ. ಇದು ಬರೆಯುವವನ ಕೈಯನ್ನು ನಿಧಾನವಾಗಿ ತಿದ್ದುತ್ತದೆ. ಒಂದು ಅಂಕಣಕ್ಕೆ ಓದುಗರ ಪ್ರತಿಕ್ರಿಯೆ ‘ಸಂಪಾದಕರಿಗೆ ಪತ್ರ’ವಾಗಿ ಬರಲು ಕೆಲವು ದಿನವಾದರೂ ಬೇಕಿತ್ತು, ಅಷ್ಟರಲ್ಲಿ ಬರೆದವನು ಆ ಬಿಸಿಯಿಂದ ಹೊರಗೆ ಬಂದಿರುತ್ತಿದ್ದ. ಪೋಸ್ಟಿನ ಪ್ರತಿಕ್ರಿಯೆ ಬರೆದ ಬೆರಳು ಇನ್ನೂ ತೆರೆಯ ಮೇಲಿರುವಾಗಲೇ ಬರುತ್ತದೆ. ಹೀಗಾಗಿ ಮುಂದಿನ ಪೋಸ್ಟಿನ ಮೊದಲ ಕರಡು ಹಿಂದಿನ ಪೋಸ್ಟಿನ ಕೆಳಗೇ ಬಿದ್ದಿರುತ್ತದೆ ಎಂದರೂ ಸಲ್ಲುತ್ತದೆ. ಅಜ್ಜನ ಬಗ್ಗೆ ಬರೆದದ್ದನ್ನು ಜನ ಮೆಚ್ಚಿದರೆಂದು ಮುಂದಿನ ಎರಡು ತಿಂಗಳು ನಾನು ಅಜ್ಜನ ಬಗ್ಗೆಯೇ ಬರೆದೆ. ಅವುಗಳಲ್ಲಿ ಮೂರನೆಯದರ ಹೊತ್ತಿಗಾಗಲೇ ನನ್ನ ಅಜ್ಜ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ಮೃದುವಾಗಿಬಿಟ್ಟಿದ್ದರು. ದಿನಚರಿಯಲ್ಲಿ ಆ ತಪ್ಪು ಆಗುತ್ತಿರಲಿಲ್ಲ.

ಬರೆಯುವ ಪೆಟ್ಟಿಗೆಯ ಆಕಾರವೂ ಬರಹವನ್ನು ರೂಪಿಸುತ್ತದೆ. ಇನ್‌ಲ್ಯಾಂಡ್ ಲೆಟರಿನ ಜಾಗ ಮುಗಿಯುತ್ತಾ ಬಂದಂತೆ ಅಕ್ಷರ ಸಣ್ಣದಾಗಿ, ಕೊನೆಗೆ ಮಡಿಕೆಯ ಅಂಚಿನಲ್ಲಿ ಅಡ್ಡಡ್ಡ ಬರೆದು ಮುಗಿಸುತ್ತಿದ್ದುದು ನೆನಪಿರಬಹುದು. ಟ್ವಿಟರ್‌ನ 140 ಅಕ್ಷರಗಳ ಮಿತಿ ಬಂದದ್ದು ಎಸ್ಸೆಮ್ಮೆಸ್ಸಿನಿಂದ: ಒಂದು ಸಂದೇಶಕ್ಕೆ 160 ಅಕ್ಷರ, ಅದರಲ್ಲಿ 20ನ್ನು ಬಳಕೆದಾರನ ಹೆಸರಿಗೆ ಬಿಟ್ಟರೆ ಉಳಿಯುವುದು 140. 2017ರಲ್ಲಿ ಅದು 280 ಆಯಿತು. ಈ 160 ಕೂಡ ಇಂಗ್ಲಿಷಿನ ಲೆಕ್ಕ. ಕನ್ನಡ ಲಿಪಿಯ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು 70 ಮಾತ್ರ. ಅದರ ಮೇಲೆ ನಾವು ಒಂದು ಅಕ್ಷರವೆಂದು ಓದುವ ‘ಸ್ತ್ರೀ’ ಯೂನಿಕೋಡಿನಲ್ಲಿ ಆರು ಸಂಕೇತಗಳು: ಸ, ತ, ರ, ನಡುವೆ ಎರಡು ಹಲಂತ, ಕೊನೆಗೆ ಈಕಾರ. ಒಂದು ಕಾಲದಲ್ಲಿ ಇಡೀ ಒಂದು ಪೀಳಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದಕ್ಕೆ ಅಭಿಮಾನದ ಕೊರತೆಯೊಂದೇ ಕಾರಣ ಎನ್ನುವವರು ಈ ಲೆಕ್ಕವನ್ನೂ, ಹಳೆಯ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದುದನ್ನೂ ಗಮನಿಸಬೇಕು.

ಫೇಸ್‌ಬುಕ್‌ನ ಸ್ಟೇಟಸ್ ಮೊದಲು ಬರೆಯುವವನ ಹೆಸರಿನ ಮುಂದೆ ‘ಈಸ್’ ಎಂಬ ಪದವನ್ನು ತಾನೇ ಸೇರಿಸಿಬಿಡುತ್ತಿತ್ತು, ಆದ್ದರಿಂದ ಎಲ್ಲರೂ ತಮ್ಮ ಬಗ್ಗೆ ತಾವೇ, ಬೇರೆ ಯಾರದೋ ಬಗ್ಗೆ ಹೇಳುವ ಹಾಗೆ, ಪ್ರಥಮ ಪುರುಷದಲ್ಲಿ ಬರೆಯಬೇಕಿತ್ತು. 2007ರ ಕೊನೆಗೆ ಅದನ್ನು ತೆಗೆದರು. ಆ ಬಳಿಕ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆ ಪೆಟ್ಟಿಗೆಯೊಳಗೆ ಕಾಣಿಸಿಕೊಂಡಿತು. ಇದು ಸಣ್ಣ ಬದಲಾವಣೆಯಲ್ಲ: ಸುದ್ದಿ ಹೇಳುವ ಜಾಗ ಮನಸ್ಸು ಹೇಳುವ ಜಾಗವಾಯಿತು. ಉದ್ದದ ಬರಹವಾದರೆ ಮೊದಲ ಕೆಲವು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುವ ವ್ಯವಸ್ಥೆಯೂ ಬಂತು. ಪ್ರಬಂಧಕಾರ ಒಂದು ಪುಟ ಸುತ್ತಾಡಿಸಿ ವಿಷಯದ ಬಾಗಿಲಿಗೆ ಕರೆತರಬಲ್ಲ. ಪೋಸ್ಟಿನಲ್ಲಿ ಬಾಗಿಲು ಮೊದಲ ಸಾಲಿನಲ್ಲೇ ತೆರೆಯಬೇಕು.

ಬೆರಳಚ್ಚಿನ ಜಾಗಕ್ಕೆ ದನಿ ಬಂದದ್ದೂ ವಾಕ್ಯವನ್ನು ಬದಲಿಸಿದೆ. 2017ರಲ್ಲಿ ಗೂಗಲ್ ಕನ್ನಡದಲ್ಲೂ ಮಾತಾಡಿ ಬರೆಯುವ ಸೌಲಭ್ಯ ಕೊಟ್ಟ ಮೇಲೆ, ಕೀಲಿಮಣೆಗೆ ಹೆದರಿ ದೂರವಿದ್ದ ಹಿರಿಯರು ಬರೆಯಲು ಶುರುಮಾಡಿದರು. ಅವರ ಪೋಸ್ಟುಗಳಲ್ಲಿ ಪೂರ್ಣವಿರಾಮ ಇರುವುದಿಲ್ಲ. ಉಸಿರು ಎಲ್ಲಿ ನಿಂತಿತು ಎಂದು ಓದುವವರೇ ಊಹಿಸಿಕೊಳ್ಳಬೇಕು. ಅದನ್ನು ತಪ್ಪು ಕನ್ನಡವೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಅದು ಬರೆದದ್ದಲ್ಲ, ಆಡಿದ್ದು. ಗಟ್ಟಿಯಾಗಿ ಓದಿಕೊಂಡರೆ ಎಲ್ಲವೂ ಸರಿಯಾಗಿ ಕೂರುತ್ತದೆ.

ಕಾಲದ ವಿಷಯದಲ್ಲಿ ಜಾಲತಾಣದ ಬರಹ ಎರಡು ಕಡೆಗೆ ಎಳೆಯುತ್ತದೆ. ಬರೆಯುವಾಗ ಅದು ಇಂದಿಗಷ್ಟೇ ಸೇರಿದ್ದು: ‘ನಿನ್ನೆ’, ‘ಈಗಷ್ಟೇ’, ‘ಈ ಫೋಟೊದಲ್ಲಿ’ ಎಂಬ ಪದಗಳ ಮೇಲೆ ಅದು ನಿಂತಿರುತ್ತದೆ. ಆ ದಿನ ಊರೆಲ್ಲ ಏನು ಮಾತಾಡುತ್ತಿತ್ತೆಂದು ಗೊತ್ತಿಲ್ಲದಿದ್ದರೆ ಆರು ತಿಂಗಳ ಹಿಂದಿನ ಪೋಸ್ಟ್ ಅರ್ಥವಾಗುವುದಿಲ್ಲ. ಆದರೆ ಅದು ಉಳಿಯುವುದು ದಾಖಲೆಯ ಹಾಗೆ. ನಮ್ಮ ಮನೆಯಲ್ಲಿ ಬಂದ ಕಾಗದಗಳನ್ನು ಗೋಡೆಯ ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರು. ತಂತಿ ತುಂಬಿದಾಗ ಅಜ್ಜ ಬೇಕಾದದ್ದನ್ನು ಪೆಟ್ಟಿಗೆಗೆ ಹಾಕಿ ಉಳಿದದ್ದನ್ನು ಬಚ್ಚಲ ಒಲೆಗೆ ಕೊಡುತ್ತಿದ್ದರು. ಉಳಿಸುವುದು, ಸುಡುವುದು ಎರಡನ್ನೂ ಮನುಷ್ಯನೇ ತೀರ್ಮಾನಿಸುತ್ತಿದ್ದ. ಫೇಸ್‌ಬುಕ್ 2015ರಿಂದ, ಹಿಂದಿನ ವರ್ಷಗಳಲ್ಲಿ ಇದೇ ದಿನ ಬರೆದದ್ದನ್ನು ತಾನಾಗಿಯೇ ಎತ್ತಿ ಮುಂದಿಡುತ್ತದೆ, ಅದರಲ್ಲಿರುವವರು ಈಗ ಬದುಕಿರಲಿ, ಇಲ್ಲದಿರಲಿ. ವಾಟ್ಸಾಪ್ ಸ್ಟೇಟಸ್ ಇದಕ್ಕೆ ವಿರುದ್ಧ: ಇಪ್ಪತ್ನಾಲ್ಕು ಗಂಟೆಯಲ್ಲಿ ಮರೆಯಾಗುತ್ತದೆ. ಜನ ಫೇಸ್‌ಬುಕ್‌ಗಿಂತ ಅಲ್ಲಿ ಹೆಚ್ಚು ಸಲಿಗೆಯಿಂದ ಬರೆಯುವುದಕ್ಕೆ ಇದೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಇನ್ನು ಒಡೆತನ. ವಚನಕಾರರು ತಮ್ಮ ಅಂಕಿತವನ್ನು ವಚನದ ಒಡಲೊಳಗೇ ನೇಯ್ದರು. ಯಾರು ನಕಲು ಮಾಡಿದರೂ, ಯಾರು ಬಾಯಿಪಾಠ ಹೇಳಿದರೂ ‘ಕೂಡಲಸಂಗಮದೇವ’ ಜೊತೆಗೇ ಸಾಗಿ ಬಂದ. ಪೋಸ್ಟಿನಲ್ಲಿ ಬರೆದವನ ಹೆಸರು ಬರಹದ ಒಳಗಿಲ್ಲ, ಮೇಲಿದೆ, ಚಿತ್ರದ ಪಕ್ಕದಲ್ಲಿ. ಯಾರಾದರೂ ಬರಹವನ್ನು ನಕಲಿಸಿ ವಾಟ್ಸಾಪಿಗೆ ಹಾಕಿದ ಗಳಿಗೆ ಅದು ಉದುರಿಹೋಗುತ್ತದೆ. ಬದಲಿಗೆ ‘ಸಂಗ್ರಹ’ ಎಂದೋ ‘ಕೃಪೆ: ವಾಟ್ಸಾಪ್’ ಎಂದೋ ಸೇರಿಕೊಳ್ಳುತ್ತದೆ. 2018ರಲ್ಲಿ ವಾಟ್ಸಾಪ್ ‘ಫಾರ್ವರ್ಡೆಡ್’ ಎಂಬ ಗುರುತು ತಂದಿತು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಹಾಕಿತು. ಆ ಗುರುತು ಇದು ಬೇರೆಯವರಿಂದ ಬಂದದ್ದು ಎಂದು ಹೇಳುತ್ತದೆ, ಯಾರಿಂದ ಎಂದು ಹೇಳುವುದಿಲ್ಲ.

ನನ್ನ ಹನ್ನೆರಡು ಸಾಲಿಗೂ ಹೀಗೇ ಆಯಿತು. ಎಷ್ಟೋ ಕಾಲದ ಮೇಲೆ, ಅಷ್ಟರಲ್ಲಿ ಸ್ಮಾರ್ಟ್‌ಫೋನ್ ಕೊಂಡಿದ್ದ ಅತ್ತೆ ಒಂದು ಮಧ್ಯಾಹ್ನ ಫೋನ್ ಮಾಡಿ, “ಯಾರೋ ಬರೆದದ್ದು ಬಂದಿದೆ ನೋಡು ಮಗಾ, ನಮ್ಮ ಮನೆಯ ಹಾಗೇ ಇದೆ, ಓದಿ ಕಣ್ಣಲ್ಲಿ ನೀರು ಬಂತು” ಎಂದರು. ಕಳಿಸಲು ಹೇಳಿದೆ. ನನ್ನದೇ ಸಾಲುಗಳು. ಫೋಟೊ ಇರಲಿಲ್ಲ, ‘ನೋಡಿ’ ಎಂಬ ಪದ ಏನನ್ನೂ ತೋರಿಸದೆ ನಿಂತಿತ್ತು. ‘ಮುಂಡಿಗೆ’ ಹೋಗಿ ‘ಕಂಬ’ ಬಂದಿತ್ತು. ಕೊನೆಯಲ್ಲಿ ಯಾರೋ ಹಿರಿಯರನ್ನು ಗೌರವಿಸಿ, ಹಳೆಯದನ್ನು ಉಳಿಸಿ, ಹತ್ತು ಜನರಿಗೆ ಕಳಿಸಿ ಎಂದು ಸೇರಿಸಿದ್ದರು. ಬರೆದವನು ಕಳಚಿದ ಮೇಲೆ ‘ನಾನು’ ಎಂಬುದು ಕಳಿಸಿದವರೆಲ್ಲರದ್ದೂ ಆಗುತ್ತದೆ. ಎಲ್ಲರದ್ದೂ ಆಗಬೇಕಾದರೆ ವಿವರ ಹೋಗಿ ಉಪದೇಶ ಬರಬೇಕಾಗುತ್ತದೆ. ನಮ್ಮ ಅಜ್ಜ ಯಾವುದೋ ಒಬ್ಬ ಅಜ್ಜನಾಗಿ ನಮ್ಮ ಅತ್ತೆಗೇ ತಲುಪಿದ್ದರು. ಅದು ನಾನು ಬರೆದದ್ದೆಂದು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನ್ನ ಕಾಗದ ಇನ್ನೂ ನನ್ನ ಹತ್ತಿರ ಇದೆ” ಎಂದರು.

ವಿಶೇಷಾಂಕದ ಪ್ರಬಂಧಕ್ಕೆ ಮರಳುತ್ತೇನೆ. ಇತ್ತೀಚೆಗೆ ಪೋಸ್ಟುಗಳನ್ನು ಒಟ್ಟು ಮಾಡಿ ಪುಸ್ತಕವಾಗಿ ತರುವವರು ಹೆಚ್ಚಿದ್ದಾರೆ, ಅವರಿಗೂ ಇದು ಉಪಯೋಗಕ್ಕೆ ಬಂದೀತು. ಹಾಗೆ ತರುವಾಗ ಫೋಟೊ ಹೋಗುತ್ತದೆ, ಆದ್ದರಿಂದ ಅದು ತೋರಿಸುತ್ತಿದ್ದುದನ್ನು ಮಾತಿನಲ್ಲಿ ಕಟ್ಟಬೇಕು. ದಿನಾಂಕದ ಬೆಂಬಲ ಹೋಗುತ್ತದೆ, ‘ನಿನ್ನೆ’ ಎಂಬುದನ್ನು ಒಂದು ಕಾಲವಾಗಿ ಬದಲಿಸಬೇಕು. ಎಲ್ಲಕ್ಕಿಂತ ದೊಡ್ಡ ನಷ್ಟ ಕೆಳಗಿನ ಮಾತುಗಳದ್ದು. ಪೋಸ್ಟ್ ಎಂದರೆ ಬರೆದ ಹನ್ನೆರಡು ಸಾಲಷ್ಟೇ ಅಲ್ಲ. ಚೆನ್ನೆಮಣೆಯ ನೆನಪು, ದೊಡ್ಡಪ್ಪನ ಮಗನ ಮುನಿಸು, ಎಲ್ಲ ಸೇರಿ ಒಂದು ಬರಹ. ಮೇಲಿನದನ್ನು ಮಾತ್ರ ಕತ್ತರಿಸಿ ಅಚ್ಚು ಹಾಕಿದರೆ ಅರ್ಧ ಸಂಭಾಷಣೆ ಪುಟಕ್ಕೆ ಬರುತ್ತದೆ, ಓದುವವರಿಗೆ ಏನೋ ಬಿಟ್ಟುಹೋದಂತೆ ಅನ್ನಿಸುತ್ತದೆ. ನಾನು ದೊಡ್ಡಪ್ಪನ ಮಗನ ಅನುಮತಿ ಕೇಳಿ ಅವನ ಮಾತನ್ನು ಪ್ರಬಂಧದೊಳಗೇ ತಂದೆ.

ಕರಡಚ್ಚು ನೋಡುವಾಗ ಸಂಪಾದಕರು ಅಂಚಿನಲ್ಲಿ ಪೆನ್ಸಿಲಿನಿಂದ “ಯಾವ ಮರ? ಖಚಿತಪಡಿಸಿ” ಎಂದು ಬರೆದಿದ್ದರು. ಉತ್ತರಕ್ಕೆ ಹಳೆಯ ಪೋಸ್ಟನ್ನು ತೆರೆದೆ. ಪ್ರಬಂಧದಲ್ಲಿ ಅದು ಹೊನ್ನೆ ಎಂದು ಅಚ್ಚಾಯಿತು. ಪೋಸ್ಟನ್ನೂ ಆಗಲೇ ತಿದ್ದಬಹುದಿತ್ತು, ಆದರೆ ತಿದ್ದಿದರೆ ತಂಗಿಯ ಮಾತಿಗೆ ಮೇಲೆ ಆಧಾರವೇ ಇರುತ್ತಿರಲಿಲ್ಲ. ಅಲ್ಲಿ ಇಂದಿಗೂ ಹಲಸು ಎಂದೇ ಇದೆ, ಅದರ ಕೆಳಗೆ “ಅದು ಹಲಸಲ್ಲ ಅಣ್ಣಾ” ಎಂಬುದೂ ಇದೆ.